ಹೂಮಳೆಯ ಇಂಗ್ಲಿಷ್
ಟಿಪ್ಪುವಿನ ಕಾಲದ ಉಪದ್ರವದಿಂದ ಪಾರಾಗಿ ಬಂದ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರನು ಆಶ್ರಯವಿತ್ತುದರ ಫಲವಾಗಿ 1792ರಲ್ಲಿ ವಿರಾಜಪೇಟೆಯಲ್ಲಿ ತಲೆಯೆತ್ತಿದ ಸಂತ ಅನ್ನಮ್ಮನವರ ದೇವಾಲಯದ ಆಶ್ರಯದ ಶಾಲೆಗಳಲ್ಲಿ ಇಂದಿಗೂ ವಿದ್ಯಾದಾನ ನಡೆದಿದೆ.

ಮನೆಯಲ್ಲಿ ಕೊಡವ ತಕ್ಕನ್ನೋ ಅರೆಭಾಷೆಯನ್ನೋ ಕೊಂಕಣಿಯನ್ನೋ ಆಡಿ, ಆಟದ ಬಯಲಿನಲ್ಲಿ ಕನ್ನಡದಲ್ಲಿ ಜಗಳವಾಡಿ, ಗಂಟೆ ಬಾರಿಸಿದೊಡನೆ ಇಂಗ್ಲಿಷಿನ ಮುಂದೆ ಮೂಕರಾಗುವ ಇಂತಹ ಶಾಲೆಗಳ ಮಕ್ಕಳಿಗೆ, ಕಂಡರಿಯದ ಡ್ಯಾಫೊಡಿಲ್ ಹೂವಿನ ವರ್ಣನೆಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ, ಮಾರ್ಚ್ ತಿಂಗಳ ಹೂಮಳೆ ಬಿದ್ದು ಎಂಟೊಂಬತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗೆ ಅರಳುವ ಕಾಫಿಯನ್ನು ನಾಲ್ಕು ಇಂಗ್ಲಿಷ್ ವಾಕ್ಯಗಳಲ್ಲಿ ಬಣ್ಣಿಸಿರೆಂದರೆ, ನಾಲಗೆಯ ಬಿಗಿ ತಾನಾಗಿಯೇ ಸಡಿಲುವುದು.

"ಹೂಮಳೆಗೆ ಇಂಗ್ಲಿಷಿನಲ್ಲಿ ಏನೆನ್ನಬೇಕು, ಮಿಸ್?" ಎಂದು ಮಗು ಕೇಳಿದರೆ, ಕಾಫಿ ಬೆಳೆಗಾರರ 'ಬ್ಲಾಸಮ್ ಷವರ್' ಎಂಬ ಮಾತು ಸಿದ್ಧವಾಗಿಯೇ ಇದೆ, ನಮ್ಮ ಮಳೆಗೆ ಆ ಭಾಷೆಯೂ ಹೆಸರಿಡಬೇಕಾಯಿತಲ್ಲವೆ!

ಪರಭಾಷೆಯ ಪಾಠವು ಮಗುವಿನ ಮನೆಯಂಗಳದಿಂದಲೇ ಮೊದಲಾಗಲಿ.