ಹಾಸಿಗೆಯಡಿ ಬಚ್ಚಿಟ್ಟ ಮುಖಗಳು

ಇವತ್ತು ಒಬ್ಬ ಕೈದಿ ಬರೆದ ಚಿತ್ರಗಳ ಕಥೆ ಹೇಳ್ತೀನಿ. ಕೇಳಿ ಮುಗಿದ ಮೇಲೆ ಫೋನಲ್ಲಿ ರೊನಾಲ್ಡ್ ಸರ್ಲ್ ಅಂತ ಹುಡುಕಿ ನೋಡಿ. ಊಟ ಮಾಡ್ತಾ ಮಾತ್ರ ಬೇಡ.

ಸರ್ಲ್ ಇಂಗ್ಲೆಂಡಿನ ಕೇಂಬ್ರಿಡ್ಜ್ ಹುಡುಗ. ಚಿತ್ರಕಲೆ ಕಲಿತವನು, 1939ರಲ್ಲಿ ಸೇನೆ ಸೇರಿದ. 1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನೀಯರ ವಶವಾದಾಗ ಅವನಿಗಿನ್ನೂ 21 ವರ್ಷ. ಸೆರೆ ಸಿಕ್ಕ. ಮರುವರ್ಷ ಥಾಯ್ಲೆಂಡಿನ ಕಾಡಿಗೆ ಕಳಿಸಿದ್ರು, ಬರ್ಮಾಕ್ಕೆ ರೈಲು ಹಾದಿ ಹಾಕೋಕೆ. 415 ಕಿಲೋಮೀಟರ್ ಹಾದಿ. ಬಂಡೆ ಒಡೆಯೋದು, ಮಣ್ಣು ಹೊರೋದು, ಮೇಲೆ ಮಳೆ, ಹೊಟ್ಟೆಗೆ ಒಂದಿಷ್ಟು ಅನ್ನ. 12 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು ಅಲ್ಲೇ ಸತ್ತರು.

ಇವನು ಅಲ್ಲೂ ಚಿತ್ರ ಬರೀತಿದ್ದ. ಶಾಯಿ, ಪೆನ್ಸಿಲ್, ಕೈಗೆ ಸಿಕ್ಕ ಕಾಗದ. ಜೊತೆಯ ಸೈನಿಕರ ಮುಖಗಳು: ಒಳಗೆ ಹೋದ ಕಣ್ಣು, ಎದ್ದು ಕಾಣೋ ಕೆನ್ನೆ ಮೂಳೆ. ಕಾವಲುಗಾರರ ಕೈಗೆ ಸಿಕ್ಕಿದ್ರೆ ಜೀವಕ್ಕೇ ಅಪಾಯ. ಹಾಗಾದ್ರೆ ಎಲ್ಲಿ ಬಚ್ಚಿಡೋದು? ಕಾಲರಾ ಬಂದು ಸಾಯ್ತಾ ಮಲಗಿದ್ದವರ ಹಾಸಿಗೆ ಕೆಳಗೆ! ರೋಗದ ಭಯಕ್ಕೆ ಕಾವಲುಗಾರರು ಅಲ್ಲಿಗೆ ಕಾಲಿಡ್ತಿರಲಿಲ್ಲ.

ಇಲ್ಲೇ ನನಗೆ ಸ್ವಲ್ಪ ಕಸಿವಿಸಿ. ಕಾಲರಾದಿಂದ ಸಾಯ್ತಿರೋ ಒಬ್ಬ ಕೈದಿಯ ಚಿತ್ರವನ್ನೂ ಸರ್ಲ್ ಬರೆದಿದ್ದಾನೆ. ನರಳ್ತಾ ಬಿದ್ದವನ ಎದುರು ಕೂತು ಗೆರೆ ಎಳೆಯೋದು ಸರೀನಾ? ಆಕ್ಸಿಡೆಂಟ್ ಆದ ಜಾಗದಲ್ಲಿ ಮೊಬೈಲ್ ಎತ್ತಿ ಹಿಡಿಯೋರನ್ನ ನಾವು ಬೈತೀವಲ್ಲ. ಆದ್ರೆ ಒಂದು ವ್ಯತ್ಯಾಸ ಇದೆ. ಇವನು ದಾರಿಹೋಕನಲ್ಲ. ಮಲೇರಿಯಾ, ಬೆರಿಬೆರಿಯಿಂದ ನರಳಿದವನು, ನಾಳೆ ತಾನೇ ಆ ಹಾಸಿಗೆ ಮೇಲಿರಬಹುದಿತ್ತು. ಬರೆದದ್ದು ಸರಿ ಅಂತಲೇ ನನಗನ್ನಿಸೋದು.

ಇನ್ನೊಂದು ಮಾತು. ಅದೇ ಹಾದಿಯಲ್ಲಿ ಕೈದಿಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಏಷ್ಯಾದ ಕೂಲಿಗಳು ಸತ್ತರು. ಮಲಯದ ರಬ್ಬರ್ ತೋಟಗಳಿಂದ ಹೋದ ತಮಿಳರು ಅವರಲ್ಲಿ ಬಹಳ ಮಂದಿ. ಅವರಲ್ಲಿ ಹೆಚ್ಚಿನವರ ಮುಖ ಯಾವ ಕಾಗದದಲ್ಲೂ ಉಳಿದಿಲ್ಲ.

1945ರಲ್ಲಿ ಬಿಡುಗಡೆಯಾದಾಗ ಸರ್ಲ್ ಸುಮಾರು 300 ಚಿತ್ರಗಳನ್ನು ಊರಿಗೆ ತಂದ. ಆಮೇಲೆ ಸೇಂಟ್ ಟ್ರಿನಿಯನ್ಸ್ ಅನ್ನೋ ತುಂಟ ಶಾಲಾ ಹುಡುಗಿಯರ ಕಾರ್ಟೂನಿಂದ ಜಗತ್ಪ್ರಸಿದ್ಧನಾಗಿ, 2011ರಲ್ಲಿ ತೀರಿಕೊಂಡ. ಆ ಕಾಡಿನ ಚಿತ್ರಗಳು ಈಗ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿವೆ. ಅವರ ವೆಬ್‌ಸೈಟಲ್ಲಿ ಝೂಮ್ ಮಾಡಿ ನೋಡಿ. ಮುಂದಿನ ವಾರ ಸಿಗೋಣ.