ಇಬ್ಬರೂ ಕೂಡಿ ಹೋಗೋಣ

ತುಮಕೂರು, ಗುಬ್ಬಿ, ಕುಣಿಗಲ್‌ನ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಎಚ್‌ಐವಿ ಪರೀಕ್ಷೆ ಈಗ ವಾಡಿಕೆ. ಗಂಡ ಮಾತ್ರ ಎಷ್ಟೋ ಸಲ ಹೊರಗೇ ನಿಂತಿರುತ್ತಾನೆ. ಆಗ ವರದಿಯ ಭಾರ, ಅನುಮಾನದ ಮಾತು ಎರಡೂ ಅವಳೊಬ್ಬಳ ತಲೆಗೇ. ಇಬ್ಬರೂ ಮನಸ್ಸು ಮಾಡಿ ಕೂಡಿ ಹೋದರೆ ಅದು ಸಂಸಾರದ ಕ್ಷೇಮದ ಕೆಲಸವಾಗುತ್ತದೆ.

ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದಿರುವುದೂ ಉಂಟು. ಒಬ್ಬರ ವರದಿ ಇಬ್ಬರಿಗೂ ಉತ್ತರವಲ್ಲ. ಸೋಂಕಿದ್ದರೆ ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ಉಚಿತ. ದಿನವೂ ತಪ್ಪದೆ ನುಂಗಿ, ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟದಲ್ಲೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಅಲ್ಲಿಯವರೆಗೆ ಕಾಂಡೋಮ್ ಬೇಕೇ ಬೇಕು. ಮಾತ್ರೆ ನೆನಪಿಸಲು ಬಾಳಸಂಗಾತಿಗಿಂತ ಹತ್ತಿರದವರು ಯಾರು?

2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ನಿಮ್ಮ ಒಪ್ಪಿಗೆಯನ್ನೂ ಗುಟ್ಟನ್ನೂ ಕಾಯುತ್ತದೆ. ಸಹಾಯವಾಣಿ 1097. ಇವತ್ತೇ ಮನೆಯಲ್ಲಿ ಈ ಮಾತು ತೆಗೆಯಿರಿ.