ಗ್ರೀಕ್ ತರಗತಿಯ ಬಾಗಿಲಲ್ಲಿ ನಿಂತ ಹುಡುಗಿ: ಆನಾ ಜೂಲಿಯಾ ಕೂಪರ್



ತಾಯಿಯ ಹೆಸರು ಉಳಿಯಲೆಂದು ಮಕ್ಕಳು ಇಟ್ಟಿರುವ ದತ್ತಿಯ ಉಪನ್ಯಾಸ ಇದು. ವಿಷಯದ ಆಯ್ಕೆಯನ್ನು ನನಗೇ ಬಿಟ್ಟಿದ್ದೀರಿ. ಹಾಗಾಗಿ, ತಾಯಿಯ ಹೆಸರಿನಲ್ಲಿ ಒಂದು ಶಾಲೆಯನ್ನೇ ತೆರೆದ ಅಮೆರಿಕದ ಶಿಕ್ಷಕಿಯೊಬ್ಬರ ಬದುಕನ್ನು ನಿಮ್ಮ ಮುಂದಿಡುತ್ತೇನೆ.

ಆನಾ ಜೂಲಿಯಾ ಕೂಪರ್ ಹುಟ್ಟಿದ್ದು 1858ರಲ್ಲಿ, ಉತ್ತರ ಕೆರೊಲಿನಾದ ರಾಲಿ ಪಟ್ಟಣದಲ್ಲಿ. ತಾಯಿ ಹ್ಯಾನಾ ಸ್ಟ್ಯಾನ್ಲಿ ಗುಲಾಮಗಿರಿಯಲ್ಲಿದ್ದ ಹೆಂಗಸು. ತಂದೆ ಯಾರೆಂದು ಆಕೆ ಬಾಯಿಬಿಟ್ಟು ಹೇಳಲೇ ಇಲ್ಲ. ತಾಯಿಯ ಬಿಳಿಯ ಯಜಮಾನನೇ ಇರಬೇಕೆಂದು ಮಗಳು ತಿಳಿದಿದ್ದರು. ಹುಟ್ಟಿಗೆ ಕಾರಣನಾದದ್ದನ್ನು ಬಿಟ್ಟರೆ ಆತನ ಋಣ ತನ್ನ ಮೇಲೆ ಏನೂ ಇಲ್ಲವೆಂದು ಮುಂದೆ ಬರೆದಿಟ್ಟರು. ತಾಯಿಯ ಋಣದ ಲೆಕ್ಕ ಬೇರೆ. ಅದನ್ನು ಕೊನೆತನಕ ತೀರಿಸುತ್ತಲೇ ಬಂದರು.

ಗುಲಾಮರಿಗೆ ಓದುಬರಹ ಕಲಿಸುವುದು ಅಪರಾಧವೆಂದು 1830ರಲ್ಲಿ ಕಾನೂನು ಮಾಡಿದ್ದ ನಾಡು ಉತ್ತರ ಕೆರೊಲಿನಾ. 1865ರಲ್ಲಿ ಗುಲಾಮಗಿರಿ ಕೊನೆಗೊಂಡಿತು. 1868ರಲ್ಲಿ ರಾಲಿಯ ಸೇಂಟ್ ಆಗಸ್ಟೀನ್ ಶಾಲೆ ಬಾಗಿಲು ತೆರೆದಾಗ, ವಿದ್ಯಾರ್ಥಿವೇತನ ಪಡೆದು ಒಳಗೆ ಹೋದ ಮೊದಲಿಗರಲ್ಲಿ ಒಂಬತ್ತು ವರ್ಷದ ಆನಾ ಒಬ್ಬಳು. ಓದುತ್ತಲೇ ಕಿರಿಯರಿಗೆ ಪಾಠ ಹೇಳತೊಡಗಿದಳು. ಕೆಲವು ವರ್ಷಗಳಲ್ಲಿ ಅಲ್ಲಿ ಗ್ರೀಕ್ ತರಗತಿ ಶುರುವಾಯಿತು. ಅದು ಪಾದ್ರಿಗಳಾಗಲಿದ್ದ ಹುಡುಗರಿಗೆ ಮಾತ್ರ. ಇದ್ದಬದ್ದ ಪಾಠವನ್ನೆಲ್ಲ ಮುಗಿಸಿ ಕೈಕಟ್ಟಿ ಕುಳಿತಿದ್ದ ಈ ಹುಡುಗಿ, ತನಗೂ ಗ್ರೀಕ್ ಬೇಕೆಂದು ಕೇಳಿದಳು. ತುಸು ಹಿಂಜರಿಕೆಯ ನಂತರ ಅನುಮತಿ ಸಿಕ್ಕಿತು. ಆ ತರಗತಿಯ ಗುರು ಜಾರ್ಜ್ ಕೂಪರ್ ಅವರನ್ನೇ 1877ರಲ್ಲಿ ಮದುವೆಯಾದರು. ಎರಡೇ ವರ್ಷಕ್ಕೆ ಗಂಡ ತೀರಿಕೊಂಡರು. ಇಪ್ಪತ್ತೊಂದಕ್ಕೇ ವಿಧವೆಯಾದ ಆನಾ ಮತ್ತೆ ಮದುವೆಯಾಗಲಿಲ್ಲ.

ಇಲ್ಲೊಂದು ಮಾತು ನೆನಪಾಗುತ್ತದೆ. ಆಕೆ ಇನ್ನೂ ರಾಲಿಯಲ್ಲಿ ಓದುತ್ತಿದ್ದ 1873ರಲ್ಲೇ ಪುಣೆಯ ಜೋತಿಬಾ ಫುಲೆ ತಮ್ಮ 'ಗುಲಾಮಗಿರಿ' ಪುಸ್ತಕವನ್ನು, ನೀಗ್ರೋ ಗುಲಾಮರನ್ನು ಬಿಡುಗಡೆ ಮಾಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಬಿಡುಗಡೆಯೇನೋ ಆಗಿತ್ತು. ಬಿಡುಗಡೆಯಾದವರ ಮಕ್ಕಳು ಏನನ್ನು, ಎಷ್ಟು ಓದಬೇಕೆಂದು ತೀರ್ಮಾನಿಸುವ ಹಕ್ಕು ಮಾತ್ರ ಇನ್ನೂ ಬೇರೆಯವರ ಕೈಯಲ್ಲಿತ್ತು. ಕೂಪರ್ ಅವರ ಬದುಕೆಲ್ಲ ಆ ಹಕ್ಕಿಗಾಗಿ ನಡೆಸಿದ ಜಗಳ ಎಂದೇ ನಾನು ತಿಳಿದಿದ್ದೇನೆ.

ಓಬರ್ಲಿನ್ ಕಾಲೇಜಿನಲ್ಲಿ ಹೆಂಗಸರಿಗೆಂದೇ ಹಗುರಾದ ಪಠ್ಯಕ್ರಮ ಇತ್ತು. ಅದನ್ನು ಬಿಟ್ಟು ಗಂಡಸರ ಪೂರ್ಣ ಪಠ್ಯಕ್ರಮ ಹಿಡಿದು 1884ರಲ್ಲಿ ಪದವಿ ಪಡೆದರು. 1887ರಲ್ಲಿ ವಾಷಿಂಗ್ಟನ್ನಿನ ಶಾಲೆಯೊಂದಕ್ಕೆ ಶಿಕ್ಷಕಿಯಾಗಿ ಬಂದರು. ಕಪ್ಪು ಮಕ್ಕಳ ಸರ್ಕಾರಿ ಹೈಸ್ಕೂಲು ಅದು. ಮುಂದೆ ಎಂ ಸ್ಟ್ರೀಟ್ ಹೈಸ್ಕೂಲ್ ಎಂದು ಹೆಸರಾಯಿತು. ಅಲ್ಲಿ ಗಣಿತ, ವಿಜ್ಞಾನ, ಆಮೇಲೆ ಲ್ಯಾಟಿನ್ ಕಲಿಸಿದರು. 1892ರಲ್ಲಿ 'ಎ ವಾಯ್ಸ್ ಫ್ರಂ ದಿ ಸೌತ್' ಪ್ರಕಟಿಸಿದರು. ಕಪ್ಪು ಹೆಂಗಸಿನ ಪರವಾಗಿ ಬೇರೆ ಯಾರೂ ಮಾತಾಡಿ ಮುಗಿಸಲಾರರು, ಆಕೆಯೇ ಮಾತಾಡಬೇಕು ಎಂಬುದು ಆ ಪುಸ್ತಕದ ತಿರುಳು. 1900ರಲ್ಲಿ ಲಂಡನ್ನಿನ ಪ್ಯಾನ್ ಆಫ್ರಿಕನ್ ಸಮ್ಮೇಳನದಲ್ಲೂ ಮಾತಾಡಿದರು.

ಆ ಹೊತ್ತಿಗೆ ದೇಶದಲ್ಲಿ ಕಪ್ಪು ಜನರ ಪ್ರಭಾವಿ ನಾಯಕ ಬುಕರ್ ಟಿ. ವಾಷಿಂಗ್ಟನ್ ಅವರ ಮಾತು ನಡೆಯುತ್ತಿತ್ತು: ಮೊದಲು ಕೈಕಸುಬು, ಉಳಿದದ್ದು ಆಮೇಲೆ. ಬಡಗಿ ಕೆಲಸವನ್ನಾಗಲಿ ಬೇಸಾಯವನ್ನಾಗಲಿ ಕೂಪರ್ ಕೀಳೆಂದು ಎಣಿಸಿದವರಲ್ಲ. ಕಪ್ಪು ಮಗುವಿಗೆ ಅದಷ್ಟೇ ಸಾಕು ಎಂದಾಗ ಮಾತ್ರ ಒಪ್ಪಲಿಲ್ಲ. 1902ರಲ್ಲಿ ಪ್ರಾಂಶುಪಾಲರಾದ ಮೇಲೆ ಕಾಲೇಜಿಗೆ ಕಳಿಸುವ ಪಠ್ಯಕ್ರಮವನ್ನು ಬಿಗಿಯಾಗಿ ಹಿಡಿದರು. ಅವರ ವಿದ್ಯಾರ್ಥಿಗಳು ಹಾರ್ವರ್ಡ್, ಬ್ರೌನ್‌ಗಳಂಥ ಕಡೆ ಸೀಟು ಪಡೆದರು. ಆ ಯಶಸ್ಸೇ ಕಣ್ಣು ಕುಕ್ಕಿತೆಂದು ನನ್ನ ಅನಿಸಿಕೆ. ಶಿಸ್ತಿಲ್ಲ, ಆಡಳಿತ ಸಡಿಲ ಎಂಬ ದೂರುಗಳೆದ್ದವು. 1906ರಲ್ಲಿ ಅವರನ್ನು ಹುದ್ದೆಯಿಂದ ಇಳಿಸಿದರು. ಮಿಸ್ಸೌರಿಗೆ ಹೋಗಿ ನಾಲ್ಕು ವರ್ಷ ಪಾಠ ಹೇಳಿದರು. 1910ರಲ್ಲಿ ಅದೇ ಎಂ ಸ್ಟ್ರೀಟ್ ಶಾಲೆಗೆ ಲ್ಯಾಟಿನ್ ಶಿಕ್ಷಕಿಯಾಗಿ ಮರಳಿದರು. ತಾನೇ ನಡೆಸಿದ ಶಾಲೆಗೆ ಸಹಶಿಕ್ಷಕಿಯಾಗಿ ಹಿಂತಿರುಗಿ, ಮರುದಿನದ ಪಾಠಕ್ಕೆ ಸಿದ್ಧಮಾಡಿಕೊಂಡು ಕೂರುವುದು ಎಂಥ ಗಟ್ಟಿತನ!

ಡಾಕ್ಟರೇಟಿಗೆಂದು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸೇರಿದರು. ಅಷ್ಟರಲ್ಲಿ, 1915ರಲ್ಲಿ, ತಬ್ಬಲಿಗಳಾದ ಐದು ಮಕ್ಕಳು, ತಮ್ಮ ಅಣ್ಣನ ಮೊಮ್ಮಕ್ಕಳು, ಮಡಿಲಿಗೆ ಬಂದರು. ಆಗ ಅವರಿಗೆ ಐವತ್ತೇಳರ ಆಸುಪಾಸು. ಕೊಲಂಬಿಯಾದ ನಿಯಮದಂತೆ ಮಕ್ಕಳನ್ನು ಬಿಟ್ಟು ನ್ಯೂಯಾರ್ಕಿನಲ್ಲಿ ಒಂದು ವರ್ಷ ಉಳಿಯುವುದು ಆಗದ ಮಾತು. ಹಾಗೆಂದು ಓದು ನಿಲ್ಲಲಿಲ್ಲ; ಪ್ಯಾರಿಸ್ಸಿನ ಸೋರ್ಬಾನ್‌ಗೆ ವರ್ಗಾಯಿಸಿಕೊಂಡರು. ಅಲ್ಲಿಗೆ ಹೋಗಿದ್ದಾಗ, 60 ದಿನದೊಳಗೆ ಕೆಲಸಕ್ಕೆ ಹಾಜರಾಗದಿದ್ದರೆ ನೌಕರಿಯೇ ಹೋಗುತ್ತದೆಂಬ ಸ್ಥಿತಿ ಬಂದು, ಟಿಪ್ಪಣಿಗಳನ್ನು ಕಟ್ಟಿಕೊಂಡು ಹಿಂದಿರುಗಿದರು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಗುಲಾಮಗಿರಿಯ ಬಗ್ಗೆ ಫ್ರಾನ್ಸಿನ ನಿಲುವು ಏನಿತ್ತು ಎಂಬುದೇ ಅವರ ಸಂಶೋಧನೆ. ಸಮಾನತೆಯ ಮಾತಾಡಿದ ದೇಶ ತನ್ನ ವಸಾಹತುಗಳ ಗುಲಾಮರ ವಿಷಯದಲ್ಲಿ ಹೇಗೆ ನಡೆದುಕೊಂಡಿತೆಂದು, ಗುಲಾಮಳಾಗಿ ಹುಟ್ಟಿದ ಹೆಂಗಸು ಆ ದೇಶದ ವಿದ್ವಾಂಸರೆದುರು, ಅವರ ಭಾಷೆಯಲ್ಲೇ ವಾದಿಸಿದರು. ಅದು 1925. ವಯಸ್ಸು ಅರವತ್ತಾರು.

1930ರಲ್ಲಿ ನಿವೃತ್ತರಾದರೂ ಮನೆಯಲ್ಲಿ ಸುಮ್ಮನೆ ಕೂರಲಿಲ್ಲ; ಮನೆಯೇ ಶಾಲೆಯಾಯಿತು. ಹಗಲು ದುಡಿಯುವ ಕಪ್ಪು ಜನರಿಗಾಗಿ ಸಂಜೆ ಪಾಠ ನಡೆಸುತ್ತಿದ್ದ ಫ್ರೀಲಿಂಗ್‌ಹೈಸನ್ ವಿಶ್ವವಿದ್ಯಾಲಯದ ಅಧ್ಯಕ್ಷರಾದರು. ಸಂಸ್ಥೆಗೆ ಕಟ್ಟಡದ ಸಾಲ ತೀರಿಸಲೂ ಹಣವಿಲ್ಲದಾದಾಗ ಟಿ ಸ್ಟ್ರೀಟಿನ ತಮ್ಮ ಮನೆಯ ಕೋಣೆಗಳಲ್ಲೇ ತರಗತಿ ನಡೆಸಿದರು. ಅದರ ಒಂದು ಭಾಗವಾಗಿ, ಓದು ಅರ್ಧಕ್ಕೇ ನಿಂತವರಿಗೆಂದು ತೆರೆದ ಶಾಲೆಗೆ ಹ್ಯಾನಾ ಸ್ಟ್ಯಾನ್ಲಿ ಎಂದು ಹೆಸರಿಟ್ಟರು.

1964ರ ಫೆಬ್ರವರಿ 27ರಂದು, 105ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಮೆರಿಕದಲ್ಲಿ ವರ್ಣಭೇದವನ್ನು ನಿಷೇಧಿಸಿದ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಬೀಳಲು ಇನ್ನೂ ನಾಲ್ಕು ತಿಂಗಳಿತ್ತು. ಅವರನ್ನು ರಾಲಿಗೆ ತಂದು, ಗ್ರೀಕ್ ಕಲಿಸಿದ ಜಾರ್ಜ್ ಕೂಪರ್ ಅವರ ಪಕ್ಕದಲ್ಲೇ ಮಣ್ಣು ಮಾಡಿದರು.